ಸರಿದ ವಸಡು, ಉಳಿದ ಹಲ್ಲು

ಸ್ಫೂರ್ತಿ, ನೀನು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದ ದಿನ ನಿನ್ನ ತಮ್ಮ ಕಿರಣ ನನ್ನನ್ನು ಕೇಳಿದ: "ಅಜ್ಜಿ, ನೀನೂ ಅದ ಕೆಲಸ ಮಾಡ್ತಿದ್ದಿ ಅಲ್ಲ? ಏನಿರ್ತಿತ್ತು ಅದ್ರಾಗ?"

"ಏನಿರ್ತದಪ್ಪ, ಹಲ್ಲು" ಎಂದು ಹೇಳಿ ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಎದುರಿಗೆ ಕುಳಿತು ನನ್ನ ವಿಷಯ ನಾನೇ ಹೇಳಿಕೊಳ್ಳುವುದು ನನಗೆ ಎಂದೂ ಬಂದಿಲ್ಲ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಂಪ್ಲಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ತಪ್ಪು ಕಂಡರೆ ತಿದ್ದಿಕೊಳ್ಳಿ.

ಮುಖ್ಯವಾಗಿ ಹೇಳಬೇಕಾಗಿರುವುದು ಎರ್ರಿಸ್ವಾಮಿ ಎಂಬವನ ಎರಡು ಹಲ್ಲುಗಳ ವಿಷಯ. ಅವನು ಸಂಡೂರಿನ ಆಚೆ, ಯಶವಂತನಗರದ ಕಡೆಯ ಒಂದು ಗಣಿಯಲ್ಲಿ ಸೀಟಿ ಊದುವ ಕೆಲಸದಲ್ಲಿದ್ದ. ಬೆಟ್ಟಕ್ಕೆ ಮದ್ದಿಟ್ಟು ಸಿಡಿಸುವ ಮೊದಲು ಎಲ್ಲರನ್ನೂ ದೂರ ಕಳಿಸುವ ಸೀಟಿ ಅದು. ಅವನ ಕೆಳಗಿನ ಸಾಲಿನ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಹಲ್ಲು ಹೋದರೆ ಸೀಟಿ ಹೋಗುತ್ತಿತ್ತು. ಸೀಟಿ ಹೋದರೆ ಅವನನ್ನು ಮತ್ತೆ ಅದಿರು ಪುಡಿಮಾಡುವ ಕ್ರಷರ್ ಹತ್ತಿರ ಕೆಲಸಕ್ಕೆ ಹಾಕುತ್ತಿದ್ದರು. ಅಲ್ಲಿಯ ಧೂಳಿಗೆ ಅವನಿಗೆ ಮೊದಲೊಮ್ಮೆ ಉಸಿರು ಕಟ್ಟಿ ಆಸ್ಪತ್ರೆ ಸೇರುವಂತಾಗಿತ್ತು. ಅವನ ಹಲ್ಲು ಉಳಿಯಿತೋ ಇಲ್ಲವೋ ಎಂಬುದನ್ನು ಹೇಳುವ ಮೊದಲು, ನನಗೆ ವಸಡಿನ ವಿಷಯ ಅಷ್ಟಿಷ್ಟು ಗೊತ್ತಾದದ್ದು ಹೇಗೆ ಎಂದು ಹೇಳಬೇಕು.

ನಿಮ್ಮ ಅಜ್ಜ ಕಾಲುವೆ ಆಫೀಸಿನಲ್ಲಿದ್ದರು. ಅವರು ಹೋದ ಮೇಲೆ ಟಿ.ಬಿ. ಡ್ಯಾಂ ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆ. ಆಗ ಮೈಸೂರು ಕಡೆಯಿಂದ ಬಂದ ವಿಶಾಲಾಕ್ಷಿ ಮೇಡಂ ಹೊಸದಾಗಿ ಹಲ್ಲಿನ ದವಾಖಾನೆ ತೆರೆದಿದ್ದರು. ಕುರ್ಚಿಯ ಪಕ್ಕ ನಿಲ್ಲಲು ಅವರಿಗೆ ಒಬ್ಬ ಹೆಂಗಸು ಬೇಕಿತ್ತು.

"ರಕ್ತ ಕಂಡರೆ ತಲೆ ತಿರುಗುತ್ತಾ?" ಎಂದು ಕೇಳಿದರು.

"ಇಲ್ರಿ. ಮಂದಿ ಕಂಡ್ರ ತಿರುಗ್ತೈತ್ರಿ" ಎಂದೆ.

ಅವರು ನಗಲಿಲ್ಲ. ನಗುವ ಸ್ವಭಾವವೇ ಅವರದಲ್ಲ. "ಇಲ್ಲಿ ಮಂದಿ ಬಾಯಿ ತೆಗೆದು ಮಲಗಿರ್ತಾರೆ. ನಿಮ್ಮನ್ನ ನೋಡಲ್ಲ" ಎಂದರು. ಹಾಗೆ ಸೇರಿದೆ.

ಆಗೆಲ್ಲ ಸಾಮಾನುಗಳನ್ನು ನೀರಿನಲ್ಲಿ ಕುದಿಸುತ್ತಿದ್ದೆವು. ಹಲ್ಲಿಗೆ ಅಂಟಿ ಕಲ್ಲಾದ ಪಾಚಿಯನ್ನು ಮೇಡಂ ಸಣ್ಣ ಕೊಕ್ಕೆಯಿಂದ ಒಂದೊಂದೇ ಕೆರೆದು ತೆಗೆಯುತ್ತಿದ್ದರು. ನಾನು ಕನ್ನಡಿ ಹಿಡಿದು, ನೀರು ಕೊಟ್ಟು, ಉಗುಳಿದ್ದನ್ನು ತೊಳೆಯುತ್ತಿದ್ದೆ. ಮೊದಲ ವಾರ ಸಾಮಾನುಗಳ ಹೆಸರು ತಿಳಿಯದೆ, ಬೇಡಿದ್ದು ಬಿಟ್ಟು ಮತ್ತೊಂದು ಕೊಡುತ್ತಿದ್ದೆ. ಮೇಡಂ ಬೈಯುತ್ತಿರಲಿಲ್ಲ. ಕೈ ಚಾಚಿಕೊಂಡು ಸುಮ್ಮನೆ ಕಾಯುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು. ಈಗ ನೀರು ಚಿಮ್ಮುತ್ತ ಪಾಚಿ ಕೆಡಹುವ ಯಂತ್ರ ಬಂದಿದೆ, ಸಾಮಾನು ಶುದ್ಧ ಮಾಡಲು ಕುಕ್ಕರಿನಂಥ ಪೆಟ್ಟಿಗೆ ಬಂದಿದೆ. ಆದರೆ ಹೆದರಿದ ರೋಗಿಯ ಭುಜದ ಮೇಲೆ ಕೈ ಇಡುವುದಕ್ಕೆ ಇನ್ನೂ ಯಂತ್ರ ಬಂದಿಲ್ಲ ಸ್ಫೂರ್ತಿ. ಅದು ನಿನ್ನ ಕೆಲಸವೇ.

ವಸಡು ಸರಿಯುವುದು ಎಂದರೇನೆಂದು ನನಗೆ ತಿಳಿದದ್ದು ಕಂಪ್ಲಿಯ ಒಬ್ಬ ರೈಸ್ ಮಿಲ್ ಸಾಹುಕಾರರಿಂದ. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಬಂದವರೇ ಕುರ್ಚಿಯಲ್ಲಿ ಕುಳಿತು ಹಲ್ಲು ಕಿರಿದರು.

"ಡಾಕ್ಟರಮ್ಮಾರ, ಈ ವಯಸ್ಸಿನ್ಯಾಗ ನನ್ನ ಹಲ್ಲು ಬೆಳ್ಯಾಕ ಹತ್ಯಾವ್ರಿ. ತುದಿ ಒಂಚೂರು ತಿಕ್ಕಿ ಸಣ್ಣ ಮಾಡಿ ಕೊಡ್ರಿ."

ಮೇಡಂ ನೋಡಿದರು. "ಹಲ್ಲು ಬೆಳೆದಿಲ್ಲ ಸಾಹುಕಾರರೇ. ವಸಡು ಹಿಂದಕ್ಕೆ ಸರಿದಿದೆ. ಒಳಗಿರಬೇಕಾದ ಬುಡ ಹೊರಗೆ ಬಂದಿದೆ. ಅದಕ್ಕೇ ಉದ್ದ ಕಾಣುತ್ತೆ."

"ಹೌದಾ! ನಮ್ಮಪ್ಪಗೂ ಹಿಂಗ ಉದ್ದ ಹಲ್ಲಿದ್ವು. ನಾವು ಭಾಳ ಗಟ್ಟಿ ವಂಶ ಅಂತ ತಿಳ್ದಿದ್ವಿ."

ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆಯೇ ಎಂದು ಮೇಡಂ ಕೇಳಿದರು. ಬೇಸಿಗೆಯಲ್ಲೂ ಬಿಸಿನೀರೇ ಕುಡಿಯುತ್ತೇನೆ ಎಂದರು. ಯಾವುದರಿಂದ ಹಲ್ಲುಜ್ಜುತ್ತೀರಿ ಎಂದಾಗ ಹೆಮ್ಮೆಯಿಂದ ಕಿಸೆಯೊಳಗಿನ ಪೊಟ್ಟಣವನ್ನೇ ತೆಗೆದರು. ತಮ್ಮ ಮಿಲ್ಲಿನ ಭತ್ತದ ಹೊಟ್ಟು ಸುಟ್ಟ ಬೂದಿ, ಅದಕ್ಕೆ ಉಪ್ಪು. ಮೇಡಂ ನನ್ನಿಂದ ಹೊಸ ಸ್ಟೀಲ್ ಚಮಚ ತರಿಸಿ ಅದರ ಮೇಲೆ ಆ ಬೂದಿ ಹಾಕಿ, "ನೀವು ಉಜ್ಜುವ ಹಾಗೇ ಉಜ್ಜಿ" ಎಂದರು. ಸಾಹುಕಾರರು ಬೆರಳಿನಿಂದ ತಿಕ್ಕಿದರು. ಒರೆಸಿ ನೋಡಿದರೆ ಚಮಚದ ಹೊಳಪು ಹೋಗಿ ಗೀರು ಬಿದ್ದಿತ್ತು. ಚಮಚವನ್ನು ತಿರುಗಿಸಿ ತಿರುಗಿಸಿ ನೋಡಿದ ಸಾಹುಕಾರರು ದೊಡ್ಡದಾಗಿ ನಕ್ಕರು.

"ಪಾತ್ರಿ ತಿಕ್ಕಾಕ ನಮ್ಮ ಮನ್ಯಾಗ ಇದನ್ನ ಬಳಸ್ತಾರ್ರಿ! ನಾನು ಬಾಯಾಗಿನ ಪಾತ್ರೀನೂ ತಿಕ್ಕೊಂಡೆ."

ಹೋದ ವಸಡು ತಾನಾಗಿ ಬೆಳೆಯುವುದಿಲ್ಲ, ಇನ್ನೂ ಸರಿಯದಂತೆ ತಡೆಯಬಹುದು ಎಂದು ಮೇಡಂ ಹೇಳಿದರು. ಪಾಚಿ ತೆಗೆದು, ತೆರೆದ ಬುಡಕ್ಕೆ ಔಷಧಿ ಹಚ್ಚಿ, ಮೆತ್ತನೆಯ ಬ್ರಷ್ ಕೊಟ್ಟು ಕಳಿಸಿದರು. ಮುಂದಿನ ಬೇಸಿಗೆಗೆ ಸಾಹುಕಾರರು ಮಡಕೆ ನೀರು ಕುಡಿಯುವಂತಾದರು. ಆ ಮೇಲೆ ಕಂಪ್ಲಿಯಿಂದ ಯಾರು ಬಂದರೂ, "ನೀವು ಚಮಚ ತೋರಿಸ್ತೀರಿ ಅಂತ ಸಾಹುಕಾರ್ರು ಅಂದ್ರು" ಎನ್ನುತ್ತಲೇ ಬರುತ್ತಿದ್ದರು.

ಎಲ್ಲವೂ ಹೀಗೆ ಸಲೀಸಾಗಿ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ಡ್ಯಾಂ ಕ್ವಾರ್ಟರ್ಸಿನ ಒಬ್ಬ ಹೆಂಗಸಿಗೆ ಮೇಡಂ, "ಗಟ್ಟಿಯಾಗಿ ಉಜ್ಜಬೇಡಿ, ವಸಡು ಸವೆದಿದೆ" ಎಂದು ಹೇಳಿ ಕಳಿಸಿದ್ದರು. ಆಕೆ ಕೆಲವು ತಿಂಗಳ ಮೇಲೆ ಬಂದಾಗ ವಸಡು ಬಾತು ಕೆಂಪಗಾಗಿತ್ತು. ಹಲ್ಲಿನ ಸುತ್ತ ಪಾಚಿ ಗಟ್ಟಿಯಾಗಿತ್ತು.

"ಉಜ್ಜುತ್ತಿಲ್ಲವಾ?" ಎಂದು ಮೇಡಂ ಕೇಳಿದರು.

"ನೀವ ಬ್ಯಾಡ ಅಂದ್ರಲ್ರಿ. ಬರೇ ಬಾಯಿ ಮುಕ್ಕಳಿಸ್ತೀನ್ರಿ. ಅವತ್ತಿಂದ ಬ್ರಷ್ ಮುಟ್ಟಿಲ್ಲ, ನಿಮ್ಮಾಣಿ."

ಆ ದಿನ ಮೇಡಂ ಊಟ ಮಾಡದೆ ಕುಳಿತರು. "ಗಟ್ಟಿಯಾಗಿ ಬೇಡ ಅಂದರೆ ಸಾಲದು ಶರಣಮ್ಮ, ಹೇಗೆ ಅಂತ ಹೇಳಬೇಕಿತ್ತು. ಮೆತ್ತಗೆ ಅಂದರೆ ಎಷ್ಟು ಮೆತ್ತಗೆ ಅಂತ ಹೇಗೆ ತಿಳಿಸೋದು?" ಎಂದರು. ನಾನು ಬಹಳ ಹಿಂಜರಿದು, "ಹಸುಗೂಸಿಗೆ ನೀರು ಎರೀವಾಗ ನೆತ್ತಿ ಹೆಂಗ ಮುಟ್ತೀವಿ, ಹಂಗ್ರಿ" ಎಂದೆ. ಅವರು ತಮ್ಮ ಅಂಗೈ ಹಿಂಭಾಗದ ಮೇಲೆ ಬ್ರಷ್ ಇಟ್ಟು ಆಡಿಸಿ ನೋಡಿಕೊಂಡರು. ಅಂದಿನಿಂದ ಹೆಣ್ಣುಮಕ್ಕಳು ಬಂದರೆ ಆ ಮಾತು ಹೇಳುವುದು ನನ್ನ ಪಾಲಿಗೆ ಬಂತು. ಗಂಡಸರಿಗೆ ಹೇಳಲು ನನಗೆ ನಾಚಿಕೆ. ಮೇಡಂ ಹೇಳುತ್ತಿದ್ದರು.

ಹಂಪಿಯಲ್ಲಿ ಬಾಳೆಹಣ್ಣು ಮಾರುವ ಒಬ್ಬ ಅಕ್ಕ ಬರುತ್ತಿದ್ದಳು. ಅವಳ ಉಳಿದ ವಸಡೆಲ್ಲ ಚೆನ್ನಾಗಿದ್ದು ಎಡಗಡೆ ಒಂದೇ ಜಾಗದಲ್ಲಿ ಬುಡ ಕಾಣುವಷ್ಟು ಸರಿದಿತ್ತು. ಅವಳು ತಂಬಾಕಿನ ಕಡ್ಡಿಪುಡಿಯನ್ನು ದಿನವೆಲ್ಲ ತುಟಿಯೊಳಗೆ ಇಟ್ಟುಕೊಳ್ಳುತ್ತಿದ್ದ ಜಾಗ ಅದು. "ಆ ಕಡಿಗೆ ಇಡಬ್ಯಾಡ ಅಂದ್ರ ಈ ಕಡಿಗೆ ಇಡ್ಲೇನ್ರಿ?" ಎಂದು ಕೇಳಿದ್ದಳು. ಅವಳು ಬಿಡಲು ಬಹಳ ದಿನ ಹಿಡಿಯಿತು, ಆದರೆ ಬಿಟ್ಟಳು. ಅವಳಿಂದ ಮೇಡಂ ಕಲಿತದ್ದನ್ನು ನೀನೂ ನೆನಪಿಡು. ಇಡೀ ಬಾಯಿಯ ವಸಡು ಸರಿದಿದ್ದರೆ ಉಜ್ಜುವ ರೀತಿ, ಪಾಚಿ, ವಯಸ್ಸು ಇವನ್ನು ನೋಡಬೇಕು. ಒಂದೇ ಜಾಗದಲ್ಲಿ ಸರಿದಿದ್ದರೆ ಆ ಜಾಗಕ್ಕೆ ದಿನವೂ ಏನು ತಾಗುತ್ತಿದೆ ಎಂದು ಹುಡುಕಬೇಕು.

ಇಷ್ಟು ತಿಳಿದಿದ್ದರೂ ಎರ್ರಿಸ್ವಾಮಿಯ ವಿಷಯದಲ್ಲಿ ಕಾರಣ ಕಂಡುಹಿಡಿಯಲು ನಮಗೆ ತಡವಾಯಿತು.

ಅವನು ಬಂದದ್ದು ಹೆಂಡತಿ ಹುಲಿಗೆಮ್ಮನ ಜೊತೆ. ಅವನು ಮಾತು ಕಡಿಮೆ, ಅವಳು ಇಬ್ಬರ ಮಾತನ್ನೂ ಆಡುವವಳು. ಬಾಗಿಲಿನಿಂದಲೇ ಶುರು ಮಾಡಿದಳು: "ಇವರ ಮುಂದಿನ ಹಲ್ಲು ತೂಗುಮಂಚ ಆಗ್ಯಾವ್ರಿ. ನಮ್ಮ ಓಣ್ಯಾಗ ಎಲ್ಲಾರೂ ಕೀಳಿಸಿಬಿಡ್ರಿ ಅಂತಾರ. ಕಿತ್ರ ಸೀಟಿ ಊದಾಕ ಬರಂಗಿಲ್ಲ. ಗಣಿ ಸಾಹೇಬ್ರು ಮೊನ್ನೆನ ಅಂದ್ರು, ಸೀಟಿ ಸಣ್ಣ ಆಗೈತಿ, ಇನ್ನೊಬ್ಬರನ್ನ ನೋಡ್ತೀನಿ ಅಂತ. ಕ್ರಷರಿಗೆ ಹಾಕಿದ್ರ ಈ ಮನಷ್ಯಾ ಉಳಿಯಂಗಿಲ್ರಿ."

"ಲೇ, ಸುಮ್ಕಿರ" ಎಂದ ಎರ್ರಿಸ್ವಾಮಿ.

ಮೇಡಂ ಕೇಳಿದರು: "ಉಜ್ಜುವಾಗ ರಕ್ತ ಬರುತ್ತಾ?"

"ಇಲ್ರಿ."

ನಾನು ಲೋಟದಲ್ಲಿ ನೀರು ಕೊಟ್ಟೆ. ಮುಕ್ಕಳಿಸಿ ಉಗುಳಿದ. ನೀರು ಕೆಂಪಗಿತ್ತು.

"ಇದು?"

"ಅದು ಮಣ್ಣಿಂದ್ರಿ. ನಮ್ಮ ಕಡೆ ಎಲ್ಲಾರ ಉಗುಳೂ ಹಂಗ. ಅರಿವಿ ಕೆಂಪು, ತಲಿ ಕೆಂಪು, ಬಾಯಿನೂ ಕೆಂಪು. ದಿನಾ ಅದು ಹೋಗೋ ತನಕ ತಿಕ್ತೀನ್ರಿ. ಎಷ್ಟು ತಿಕ್ಕಿದ್ರೂ ಹೋಗವಲ್ದು."

ಬಿರುಸಾದ ಬ್ರಷ್ಷಿನಿಂದ, ಕೆಂಪು ಹೋಗಲಿ ಎಂದು ತಿಕ್ಕುತ್ತಿದ್ದ. ತಿಕ್ಕಿದಷ್ಟೂ ಕೆಂಪು ಬರುತ್ತಿತ್ತು. ಮೇಡಂ ನನ್ನಿಂದ ಎರಡು ಬಿಳಿ ಬಟ್ಟೆಯ ತುಂಡು ಕೇಳಿ ಪಡೆದರು. ಒಂದರಿಂದ ಅವನ ಕಿವಿಯ ಹಿಂದೆ ಒರೆಸಿದರು. ಇನ್ನೊಂದನ್ನು ಅವನ ವಸಡಿಗೆ ಮೆಲ್ಲಗೆ ಒತ್ತಿ ತೆಗೆದರು. ಎರಡನ್ನೂ ಪಕ್ಕಪಕ್ಕ ಹಿಡಿದರು. ಮೊದಲನೆಯದು ಇಟ್ಟಿಗೆ ಬಣ್ಣಕ್ಕಿತ್ತು. ಎರಡನೆಯದು ತಿಳಿಗೆಂಪಾಗಿ ಬಟ್ಟೆಯಲ್ಲಿ ಹರಡುತ್ತಿತ್ತು.

"ಇದು ನಿಮ್ಮ ಗಣಿ. ಇದು ನೀವು" ಎಂದರು.

ಎರ್ರಿಸ್ವಾಮಿ ಬಹಳ ಹೊತ್ತು ನೋಡಿದ. "ಹಂಗಾರ ಇಷ್ಟು ದಿನ ನಾ ತಿಕ್ಕಿದ್ದು ರಕ್ತಾನ?" ಎಂದ. ಹುಲಿಗೆಮ್ಮ ಮೊದಲ ಸಲ ಬಾಯಿಗೆ ಸೆರಗು ಹಿಡಿದುಕೊಂಡಳು.

ಮೇಡಂ ಪಾಚಿ ತೆಗೆದರು, ವಸಡಿನ ಒಳಗಿನ ಬುಡವನ್ನೂ ಶುದ್ಧ ಮಾಡಿದರು. ಮೆತ್ತನೆಯ ಬ್ರಷ್ ಕೊಟ್ಟು ಕೈ ಹಿಡಿದು ಉಜ್ಜುವುದನ್ನು ಕಲಿಸಿದರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ಉಳಿದ ವಸಡೆಲ್ಲ ಗಟ್ಟಿಯಾಗಿ ನಸುಗೆಂಪಿಗೆ ತಿರುಗಿತು. ಆದರೆ ಆ ಎರಡು ಹಲ್ಲುಗಳ ಬುಡ ಇನ್ನಷ್ಟು ಹೊರಗೆ ಬಂದಿತ್ತು, ಮೊದಲಿಗಿಂತ ಹೆಚ್ಚು ಅಲ್ಲಾಡುತ್ತಿದ್ದವು.

ಹುಲಿಗೆಮ್ಮ ಕುದಿದಳು. "ಮಂದಿ ಹೇಳಿದ್ರು ನಂಗ, ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಕ್ಕಾವು ಅಂತ. ಮಾತು ಕೇಳ್ಲಿಲ್ಲ ನಾನು."

ಈ ಮಾತನ್ನು ನೀನು ದಿನವೂ ಕೇಳುತ್ತೀ ಸ್ಫೂರ್ತಿ. ಕಲ್ಲಾದ ಪಾಚಿ ಹಲ್ಲುಗಳ ನಡುವೆ ತುಂಬಿಕೊಂಡಿರುವಾಗ ಸಂದು ಕಾಣುವುದಿಲ್ಲ. ತೆಗೆದ ಮೇಲೆ ಸಂದು ಕಾಣುತ್ತದೆ, ಬೈಗುಳ ನಮಗೆ ಬರುತ್ತದೆ. ಸಿಟ್ಟಾಗಬೇಡ. ಶುರು ಮಾಡುವ ಮೊದಲೇ ಕನ್ನಡಿ ಹಿಡಿದು ತೋರಿಸು. ಆದರೆ ಅವತ್ತು ಮೇಡಂಗೂ ಅನುಮಾನ ಬಂದಿತ್ತು. ಬೇರೆಲ್ಲ ಕಡೆ ವಾಸಿಯಾಗಿ ಅದೊಂದೇ ಜಾಗ ಯಾಕೆ ಹೀಗೆ? ಕಡ್ಡಿಪುಡಿ ಇಡುತ್ತೀರಾ, ಪೆನ್ನು ಕಚ್ಚುತ್ತೀರಾ, ಉಗುರು ಕಚ್ಚುತ್ತೀರಾ ಎಂದು ಕೇಳಿದರು. ಎಲ್ಲದಕ್ಕೂ ಅವನು ಇಲ್ಲ ಎಂದ.

"ಪೆನ್ನು ಎಲ್ಲಿಂದ ಕಚ್ಚಬೇಕ್ರಿ," ಎಂದಳು ಹುಲಿಗೆಮ್ಮ ಸಿಟ್ಟಿನಲ್ಲೇ. "ಬಾಯಾಗ ಜಾಗ ಇದ್ರ ತಾನ? ಮುಂಜಾನಿ ಹೋಗುವಾಗ ಸೀಟಿ ಕಚ್ಕೊಂಡ್ರ ಸಂಜಿಗೆ ಬಂದ ಮ್ಯಾಲ ಉಣ್ಣಾಕ ತಗೀತಾರ. ನಾನು ಏನರ ಕೇಳಿದ್ರ ಸೀಟೀಲೆನ ಉತ್ರ ಕೊಡ್ತಾರ, ಪೀಂ ಅಂತ."

ಮೇಡಂ ತಿರುಗಿ ನೋಡಿದರು. "ಸೀಟಿ ತಂದಿದ್ದೀರಾ?"

ಅವನು ಅಂಗಿಯೊಳಗಿನಿಂದ ತೆಗೆದ. ಕಬ್ಬಿಣದ ಸೀಟಿ, ಅದರ ಬಾಯಿಯ ಎರಡೂ ಕಡೆ ಹಲ್ಲು ತಾಗಿ ಸವೆದ ಗುರುತಿತ್ತು. ಎರಡೂ ಕೈಯಲ್ಲಿ ಕೆಂಪು ಬಾವುಟ ಹಿಡಿಯಬೇಕಾದ್ದರಿಂದ ಸೀಟಿಯನ್ನು ಹಲ್ಲಿನಲ್ಲೇ ಕಚ್ಚಿ ಹಿಡಿಯುವುದು ಅಲ್ಲಿಯವರ ರೂಢಿ. ಬೇರೆಯವರು ಊದಿದ ಮೇಲೆ ತೆಗೆಯುತ್ತಿದ್ದರು. ಇವನು ಎಲ್ಲಿ ತಡವಾಗುತ್ತದೋ ಎಂಬ ಭಯಕ್ಕೆ ತೆಗೆಯುತ್ತಲೇ ಇರಲಿಲ್ಲ. ಹಲ್ಲಿಲ್ಲದೆ ಊದಲಾಗದು ಎಂದು ಹುಲಿಗೆಮ್ಮ ಮೊದಲ ದಿನವೇ ಹೇಳಿದ್ದರೂ ಅವನು ದಿನವಿಡೀ ಕಚ್ಚಿಕೊಂಡಿರುತ್ತಾನೆ ಎಂದು ನಮಗೆ ಹೊಳೆದಿರಲಿಲ್ಲ. ಯಾವ ಹಲ್ಲು ಉಳಿಸಿಕೊಳ್ಳಲು ಬಂದಿದ್ದನೋ ಅದೇ ಹಲ್ಲನ್ನು ಅವನ ಕೆಲಸ ಸಡಿಲ ಮಾಡುತ್ತಿತ್ತು.

"ತುಟಿಯಿಂದ ಊದಲು ಕಲಿಯಬೇಕು. ಇನ್ನು ಮೇಲೆ ಹಲ್ಲಿಗೆ ತಾಗಿಸುವ ಹಾಗಿಲ್ಲ" ಎಂದರು ಮೇಡಂ.

"ಬಾವುಟಾ ಹೆಂಗ ಹಿಡೀಲ್ರಿ?"

"ಒಂದನ್ನ ಕಲ್ಲಿನ ಸಂದಿಗೆ ನೆಡಿ. ಒಂದು ಕೈ ಬಿಡುವಾಗುತ್ತೆ."

ಅಲ್ಲಾಡುವ ಹಲ್ಲುಗಳನ್ನು ಹಿಂಬದಿಯಿಂದ ಸಣ್ಣ ತಂತಿಯಲ್ಲಿ ಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟಿದರು. ಬುಡ ಮುಚ್ಚಲು ಇನ್ನೊಂದು ಕೆಲಸ ಬೇಕಿತ್ತು. ಅಂಗುಳಿನಿಂದ ತೆಳುವಾದ ಚರ್ಮದ ತುಂಡು ತೆಗೆದು, ಸರಿದ ವಸಡಿನ ಜಾಗಕ್ಕೆ ಇಟ್ಟು ಹೊಲಿಯುವುದು. ಮೇಡಂ ಅದನ್ನು ಆಗಷ್ಟೇ ದೊಡ್ಡ ಆಸ್ಪತ್ರೆಗೆ ಹೋಗಿ ಕಲಿತು ಬಂದಿದ್ದರು. ನಮ್ಮ ದವಾಖಾನೆಯಲ್ಲಿ ಅದೇ ಮೊದಲು. "ಹಿಡಿಯಬಹುದು, ಹಿಡಿಯದೆಯೂ ಇರಬಹುದು" ಎಂದು ಗಂಡ ಹೆಂಡತಿಗೆ ನೇರವಾಗಿ ಹೇಳಿದರು. ಎರ್ರಿಸ್ವಾಮಿ ಹೆಂಡತಿಯ ಮುಖ ನೋಡಿದ.

"ನನ್ನ ಯಾಕ ನೋಡ್ತಿ? ನಿನ್ನ ಬಾಯಿ ಅದು" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, "ಮಾಡ್ರಿ" ಎಂದಳು.

ಆ ದಿನ ನಾನು ಉಗುಳು ಹೀರುವ ನಳಿಗೆ ಹಿಡಿದು ನಿಂತಿದ್ದೆ. ಹೊಲಿಗೆಯ ದಾರ ತಲೆಗೂದಲಿಗಿಂತ ಸಣ್ಣದಿತ್ತು. ಮೇಡಂ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಒರೆಸಲೇ ಎಂದು ಕೇಳಲು ಧೈರ್ಯ ಬರಲಿಲ್ಲ, ಕೇಳದೆಯೇ ಒರೆಸಿದೆ. ಎರ್ರಿಸ್ವಾಮಿ ನನ್ನ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದ. ನಾನು ಬಿಡಿಸಿಕೊಳ್ಳಲಿಲ್ಲ.

ಒಂದು ವಾರ ಕಳೆದು ಗಾಯದ ಮೇಲಿನ ಪಟ್ಟಿ ತೆಗೆದಾಗ ಹೊಲಿದ ತುಂಡು ಬೆಳ್ಳಗೆ, ಒದ್ದೆ ಕಾಗದದಂತೆ ಕಂಡಿತು. ಹುಲಿಗೆಮ್ಮ, "ಕೊಳೀತಲ್ರೀ" ಎಂದು ಅಳತೊಡಗಿದಳು. ಮೇಡಂ ಮಾತ್ರ ಬಗ್ಗಿ ಬಹಳ ಹೊತ್ತು ನೋಡಿ, "ಮೊದಲು ಮೇಲಿನ ಪದರ ಹೀಗೆ ಬಿಳುಚಿಕೊಂಡು ಕಳಚಬೇಕು. ಕೆಳಗೆ ಏನಿದೆ ಅನ್ನೋದು ಮುಖ್ಯ. ಇನ್ನೊಂದು ವಾರ ಬಿಡಿ. ಮುಟ್ಟಬೇಡಿ, ತುಟಿ ಎಳೆದು ಎಳೆದು ನೋಡಬೇಡಿ" ಎಂದರು. ಅಷ್ಟರಲ್ಲಿ ಗಣಿಯಲ್ಲಿ ಬೇರೊಬ್ಬ ಸೀಟಿ ಊದುತ್ತಿದ್ದ. ಅವನೇ ಕಾಯಂ ಆಗುತ್ತಾನೆ ಎಂಬ ಮಾತೂ ಹುಟ್ಟಿತ್ತು.

ಮುಂದಿನ ವಾರ ಅವರು ಬಂದರು. ಮೇಡಂ ತುಟಿ ಸರಿಸಿದರು. ಬಿಳಿ ಪದರ ಹೋಗಿ ಕೆಳಗೆ ಎಳೆಯ ನಸುಗೆಂಪು ಬಣ್ಣ ಬಂದಿತ್ತು, ಹಸುಗೂಸಿನ ಅಂಗಾಲಿನಂತೆ. ಬುಡ ಪೂರ್ತಿಯಲ್ಲದಿದ್ದರೂ ಬಹುಪಾಲು ಮುಚ್ಚಿತ್ತು. ನಾನು ಕನ್ನಡಿ ಕೊಟ್ಟೆ. ಎರ್ರಿಸ್ವಾಮಿ ನೋಡಿಕೊಂಡ, ಕನ್ನಡಿಯನ್ನು ಹೆಂಡತಿಗೆ ಕೊಟ್ಟ. ಅವಳು ಕನ್ನಡಿ ಬಿಟ್ಟು ಅವನ ಬಾಯನ್ನೇ ನೋಡಿದಳು.

ಗಾಯ ಪೂರ್ತಿ ಮಾಗಿ ಮೇಡಂ ಸೀಟಿಗೆ ಒಪ್ಪಿಗೆ ಕೊಟ್ಟ ಮೇಲೆ ತುಟಿಯಲ್ಲಿ ಊದುವುದನ್ನು ಕಲಿಯಬೇಕಿತ್ತು. ಒಮ್ಮೆ ಬಂದಾಗ ಹುಲಿಗೆಮ್ಮ ದೂರು ಹೇಳಿದಳು: "ಮನ್ಯಾಗ ಊದಿ ಊದಿ ಎಮ್ಮಿ ಹಾಲು ಬಿಡವಲ್ದು. ಊದಿದ್ರ ಬರೇ ಗಾಳಿ ಬರ್ತೈತಿ." ಸಾಹೇಬರು ಒಂದು ಸಲ ಊದಿಸಿ ನೋಡುತ್ತೇನೆ ಎಂದಿದ್ದಾರಂತೆ. ಆ ಮೇಲೆ ಗಂಡ ಹೆಂಡತಿ ಇಬ್ಬರೂ ಬರಲಿಲ್ಲ. ಮುಂದಿನ ತಪಾಸಣೆಗೂ ಬರಲಿಲ್ಲ. ಕ್ರಷರಿಗೆ ಹಾಕಿರಬೇಕು ಎಂದು ನಾನು ಅಂದುಕೊಂಡೆ. ಮೇಡಂ ಸಂಡೂರು ಬಸ್ಸು ಬಂದ ಹೊತ್ತಿಗೆ ಬಾಗಿಲ ಕಡೆ ನೋಡುತ್ತಿದ್ದರು.

ಅದೇ ವರ್ಷ ಯಶವಂತನಗರದ ಶಾಲೆಯಲ್ಲಿ ಹಲ್ಲಿನ ಶಿಬಿರ ಇಟ್ಟರು. ಜೀಪಿನಲ್ಲಿ ಹೋದೆವು. ಬಿಳಿ ಬಟ್ಟೆಯ ಕಟ್ಟನ್ನೇ ಒಯ್ದಿದ್ದೆವು. ಬಂದವರಿಗೆಲ್ಲ ಮೇಡಂ ಎರಡೆರಡು ತುಂಡು ತೋರಿಸಿ, ಮಣ್ಣು ಯಾವುದು ರಕ್ತ ಯಾವುದು ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಹಲವರು ಅಲ್ಲಿಯೇ ಮೆತ್ತನೆಯ ಬ್ರಷ್ ಕೇಳಿದರು.

ಸಾಲಿನಲ್ಲಿ ಹುಲಿಗೆಮ್ಮ ನಿಂತಿದ್ದಳು. ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಹೋದೆ. ಅಷ್ಟು ಜನರ ನಡುವೆ ನಾನಾಗಿಯೇ ಮಾತನಾಡಿದ್ದು ಅದೇ ಮೊದಲಿರಬೇಕು.

"ಯಾಕ ಬರ್ಲಿಲ್ಲವಾ ನೀವು? ಎರ್ರಿಸ್ವಾಮಿ ಎಲ್ಲಿ? ಕೆಲಸ ಏನಾತು?"

ಅವಳು ಸೆರಗು ಸರಿಮಾಡಿಕೊಂಡು, ಬೇಕೆಂದೇ ನಿಧಾನವಾಗಿ, "ಸ್ವಲ್ಪ ತಡೀರಿ ಅಕ್ಕಾರ. ಇನ್ನೇನು ಹೊತ್ತಾಕ್ಕೈತಿ, ಆಗ ಹೇಳ್ತೀನಿ" ಎಂದಳು. ನನಗೆ ಸಿಟ್ಟೇ ಬಂತು. ಹೇಳಲು ಹೊತ್ತು ಯಾಕೆ ಬೇಕು?

ಮಧ್ಯಾಹ್ನದ ಊಟದ ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿದ್ದರು. ಮೇಡಂ ಒಬ್ಬ ಲಾರಿ ಡ್ರೈವರ್‌ನ ಬಾಯಲ್ಲಿ ಕನ್ನಡಿ ಇಟ್ಟಿದ್ದರು. ಆಗ ಬೆಟ್ಟದ ಕಡೆಯಿಂದ ಸೀಟಿ ಕೇಳಿಸಿತು. ಒಂದೇ ಸಮ, ಉದ್ದವಾಗಿ, ಎಲ್ಲೂ ಮುರಿಯದೆ. ಒಮ್ಮೆ ನಿಂತು ಮತ್ತೆ ಉದ್ದವಾಗಿ. ಮೈದಾನದಲ್ಲಿದ್ದ ಮಕ್ಕಳು ಅಭ್ಯಾಸದಂತೆ ಕಿವಿ ಮುಚ್ಚಿಕೊಂಡು ಗೋಡೆಯ ಪಕ್ಕ ಕುಳಿತರು.

"ಕೇಳ್ರಿ," ಎಂದಳು ಹುಲಿಗೆಮ್ಮ. "ದಿನಾ ಎರಡು ಪಾಳಿ ಹಚ್ಯಾರ ಇವರಿಗೆ. ಅದಕ್ಕ ಬರಾಕ ಆಗ್ಲಿಲ್ಲ."

ಮೇಡಂ ಡ್ರೈವರ್‌ನ ಬಾಯಿಯಿಂದ ಕನ್ನಡಿ ತೆಗೆದು ನೇರವಾಗಿ ನಿಂತು ಸೀಟಿ ನಿಲ್ಲುವವರೆಗೂ ಕೇಳಿದರು. ಬೆಟ್ಟ ಸಿಡಿಯಿತು, ಶಾಲೆಯ ಕಿಟಕಿಗಳು ನಡುಗಿದವು, ಹೆಂಚಿನಿಂದ ಸ್ವಲ್ಪ ಕೆಂಧೂಳು ನಮ್ಮ ಬಿಳಿ ಬಟ್ಟೆಗಳ ಮೇಲೆ ಉದುರಿತು. ಡ್ರೈವರ್ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ.

"ತುಟಿಯಲ್ಲೇ ಊದಿದ" ಎಂದರು ಮೇಡಂ, ನನಗೆ ಮಾತ್ರ ಕೇಳುವಂತೆ. ಅವರು ನಗುತ್ತಿದ್ದರು. ಬಟ್ಟೆ ಕೊಡವಿಕೊಂಡು ಮತ್ತೆ ಕನ್ನಡಿ ಹಿಡಿದರು.